ಗುಂಡಿ ತೋಡದೆ, ಸಸಿ ಕೊಳ್ಳದೆ: ಪುಣೆಯ ಗರಸಿನಲ್ಲಿ ನನ್ನ ಅನುಭವ

ಬಾವಧನ್ ಕಡೆಯ ನಮ್ಮ ಸೊಸೈಟಿಯ ಹಿಂದೆ ಅರ್ಧ ಎಕರೆಗೂ ಕಡಿಮೆ ಇಳಿಜಾರಿದೆ. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಪುಡಿಗಲ್ಲಿನಂಥ ಗರಸು, ಅದರ ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಇವತ್ತು ಅಲ್ಲಿ ಮುತ್ತುಗ, ಹಾಲೆ, ದಸರೆಗೆ ಎಲೆ ಹಂಚುವ ಆಪಟಾ, ಕಕ್ಕೆ, ಬೂರುಗ, ಗೋಂದು ಕೊಡುವ ಕಾಂಡೋಳ ಎಲ್ಲ ಸೇರಿ ಇನ್ನೂರರಷ್ಟು ಮರಗಳಿವೆ. ಒಂದನ್ನೂ ನರ್ಸರಿಯಿಂದ ತಂದಿಲ್ಲ. ಎರಡು ಬೇಸಿಗೆ ದಾಟಿದ ಮೇಲೆ ಯಾವುದಕ್ಕೂ ಒಂದು ತಂಬಿಗೆ ನೀರು ಹಾಕಿಲ್ಲ. ಬೀಜ ಬಿದ್ದ ಜಾಗದಲ್ಲೇ ಎದ್ದ ಮರಗಳಿವು. ‘ಕಲ್ಲಿನಲ್ಲಿ ಬಿತ್ತಿ ಕಾಯುತ್ತಾ ಕೂತಿದ್ದಾರೆ’ ಎಂದು ನಕ್ಕವರೇ ಈಗ ಸಂಜೆ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಹಾಗಾಗಿ ಬರೆಯಲು ಧೈರ್ಯ ಬಂದಿದೆ.

ಮೊದಲು ಸಮಿತಿಯ ಖರ್ಚಿನ ಕಥೆ. ನನಗಿಂತ ಮುಂಚೆ ಒಬ್ಬ ಗುತ್ತಿಗೆದಾರ ಬ್ರೇಕರ್ ತಂದು ಎರಡೆರಡು ಅಡಿಯ ಗುಂಡಿ ಹೊಡೆಸಿದ, ನೂರೈವತ್ತಿರಬೇಕು. ಕೆಂಪು ಮಣ್ಣು, ತಿಪ್ಪೆಗೊಬ್ಬರ, ಆಳೆತ್ತರದ ಸಸಿ, ಬಿದಿರಿನ ಆಸರೆ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಬೇಸಿಗೆಯ ಟ್ಯಾಂಕರ್ ಲೆಕ್ಕ ಬೇರೆ. ಎರಡನೆಯ ಮೇ ಮುಗಿಯುವಾಗ ಉಳಿದದ್ದು ಹತ್ತೋ ಹನ್ನೆರಡೋ. ಸತ್ತ ಸಸಿಯೊಂದನ್ನು ಕಿತ್ತರೆ ಬೇರು ಚೀಲದ ಅಳತೆಯಲ್ಲೇ ಸಿಂಬಿಯ ಹಾಗೆ ಸುತ್ತಿಕೊಂಡಿತ್ತು. ಎರಡು ವರ್ಷದಲ್ಲಿ ಒಂದಂಗುಲವೂ ಆಚೆ ಹೋಗಿರಲಿಲ್ಲ. ಬಂಡೆಯಲ್ಲಿ ಕೊರೆದ ಗುಂಡಿಯಿಂದ ಮಳೆನೀರು ಬಸಿದು ಹೋಗಲು ದಾರಿಯಿಲ್ಲ, ಬೇರು ಕೊಳೆಯುತ್ತದೆ. ಮಾರ್ಚ್ ಬಂತೆಂದರೆ ಅದೇ ಗುಂಡಿಯ ಗೋಡೆ ಕಾದು ಉಳಿದದ್ದನ್ನು ಒಣಗಿಸುತ್ತದೆ.

ಆಮೇಲೆ ಬೀಜದುಂಡೆಯ ಹುಚ್ಚು. ಸೊಸೈಟಿಯ ಮಕ್ಕಳೆಲ್ಲ ಕೂತು ಸಾವಿರಕ್ಕೂ ಮಿಕ್ಕಿ ಉಂಡೆ ಕಟ್ಟಿದರು, ಫೋಟೋಗಳೂ ಆದವು. ಮೊದಲ ಜಡಿಮಳೆಗೆ ಉಂಡೆಗಳೆಲ್ಲ ಉರುಳಿ ಕಾಂಪೌಂಡಿನ ಗಟಾರ ಸೇರಿದವು. ಗಟಾರದಲ್ಲಿ ಮಾತ್ರ ದಟ್ಟವಾಗಿ ಮೊಳೆತವು! ಬಯಲಿನಲ್ಲಿ ಏನೋ, ಇಳಿಜಾರಿನಲ್ಲಿ ಅದು ಬರೀ ಫೋಟೋದ ಕೆಲಸ.

ಬಿತ್ತುವುದು ನಿಮಗೆಲ್ಲ ಗೊತ್ತು. ಎಲ್ಲಿ ಬಿತ್ತಬೇಕು ಎಂಬುದರಲ್ಲೇ ನನ್ನ ಕೆಲಸವಿದ್ದದ್ದು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನವೆಂಬರ್‌ನಲ್ಲಿ ಹುಲ್ಲೆಲ್ಲ ಒಣಗಿದ ಮೇಲೂ ಇಳಿಜಾರಿನಲ್ಲಿ ಅಲ್ಲಲ್ಲಿ ಒಂದೊಂದು ಗೆರೆ ಹಸಿರಾಗಿಯೇ ಉಳಿಯುತ್ತದೆ. ಅಲ್ಲಿ ಬಂಡೆ ಬಿರಿದಿದೆ, ಕೆಳಗೆ ತೇವವಿದೆ ಎಂದು ಲೆಕ್ಕ. ಅಂಥ ಕಡೆಯೆಲ್ಲ ಸುಣ್ಣ ಬಳಿದ ಕಲ್ಲು ಇಡುತ್ತಾ ಹೋದೆ. ಜೂನ್‌ನಲ್ಲಿ ಎರಡು ಹದ ಮಳೆಯಾದ ಮೇಲೆ ಪ್ರತಿ ಕಲ್ಲಿನ ಪಕ್ಕ ಹಾರೆಯ ತುದಿಯಿಂದ ಒಂದು ತೂತು, ಮೂರು ಬೀಜ, ಮೇಲೊಂದು ಹಿಡಿ ಗರಸು. ಅಷ್ಟೇ.

ಮುತ್ತುಗದ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೇ ಕೊನೆಯಲ್ಲಿ ಆಯ್ದದ್ದನ್ನು ಜೂನ್‌ನಲ್ಲೇ ಮುಗಿಸಬೇಕು. ಕಕ್ಕೆ ಮತ್ತು ಆಪಟಾಕ್ಕೆ ಒಲೆಯಿಂದ ಇಳಿಸಿದ ಬಿಸಿನೀರು ಸುರಿದು ಒಂದು ರಾತ್ರಿ ಬಿಟ್ಟು, ಉಬ್ಬಿದ್ದನ್ನಷ್ಟೇ ಆರಿಸಿಕೊಳ್ಳುತ್ತೇನೆ. ಕಾಂಡೋಳದ ಕಾಯಿಯ ಮೇಲಿನ ರೋಮ ಕೈಗೆ ಚುಚ್ಚಿದರೆ ಎರಡು ದಿನ ಉರಿ, ಕೈಗವಸು ಬೇಕೇ ಬೇಕು. ಬೀಜ ತರುವ ಆ ಮರ ಎಲ್ಲಿದೆ ಎಂದು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಗೋಂದಿಗಾಗಿ ಕಾಂಡ ಕೆತ್ತುವವರ ಕಣ್ಣು ಎಲ್ಲ ಕಡೆ ಇರುತ್ತದೆ. ಇರುವೆ, ಇಲಿ ಬೀಜ ಮುಟ್ಟದಂತೆ ಏನು ಸವರುತ್ತೇನೆ ಎಂಬುದೂ ನನ್ನಲ್ಲೇ ಇರಲಿ. ಅಡುಗೆಮನೆಯಲ್ಲಿ ಸಿಗುವ ವಸ್ತು, ಹುಡುಕಿಕೊಳ್ಳಿ.

ಆರುನೂರು ಜಾಗದಲ್ಲಿ ಅರ್ಧದಷ್ಟು ಮೊಳೆತವು. ಹೊಟ್ಟೆಯಲ್ಲಿ ತಳಮಳವಾದದ್ದು ಮುಂದಿನ ಬೇಸಿಗೆಯಲ್ಲಿ. ಮುತ್ತುಗ ಮೊದಲ ವರ್ಷ ತೋರಿಸುವುದೇ ಎರಡು ಮೂರು ಎಲೆ, ಏಪ್ರಿಲ್‌ಗೆ ಅದೂ ಸುಟ್ಟು ಕಡ್ಡಿಯಾಗುತ್ತದೆ. ಕಾರ್ಯದರ್ಶಿಗಳು ವಾರ್ಷಿಕ ಸಭೆಯಲ್ಲಿ ‘ಬೀಜದ ಪ್ರಯೋಗ ವಿಫಲ’ ಎಂದು ಬರೆಸಿಯೇಬಿಟ್ಟರು. ಗಿಡ ನೋಡಿಕೊಳ್ಳುವ, ಇಂಡಿ ಕಡೆಯ ನಮ್ಮ ಮಾಳಿಗೂ ನಂಬಿಕೆ ಹೋಗಿತ್ತು.

“ಕಾಕಾ, ಇವು ಸತ್ತೇಹೋಗಿವೆ. ಕಿತ್ತು ಹಾಕಲೇ?”

“ಒಂದನ್ನು ಕಿತ್ತು ತೋರಿಸು ತಮ್ಮಾ.”

ಹಾರೆ ಹಾಕಿ ಮೊಣಕೈ ಆಳ ಅಗೆದ. ಮೇಲೆ ಅರ್ಧ ಗೇಣು ಒಣಕಡ್ಡಿ, ಕೆಳಗೆ ಹೆಬ್ಬೆರಳು ದಪ್ಪದ ಬೇರು ಬಂಡೆಯ ಬಿರುಕಿನಲ್ಲಿ ಇಳಿದು ಕಾಣೆಯಾಗಿತ್ತು. ಉಗುರಿನಿಂದ ಕೆರೆದರೆ ಒಳಗೆ ಬೆಳ್ಳಗೆ, ಹಸಿಹಸಿ. ಅವನು ಏನೂ ಮಾತಾಡದೆ ಮಣ್ಣು ಮುಚ್ಚಿದ. ಮಳೆ ಬಿದ್ದ ಮೇಲೆ ಆ ಗಿಡವೂ ಚಿಗುರಿತು. ಮುತ್ತುಗ, ಕಾಂಡೋಳ ಕೆಲವು ವರ್ಷ ಹೀಗೆ ಮೇಲೆ ಸಾಯುತ್ತಾ ಕೆಳಗೆ ಬೆಳೆಯುತ್ತವೆ. ಆ ಬೇರನ್ನು ಚೀಲದಲ್ಲಿ ಬೆಳೆಸುವುದು ಯಾರಿಂದಲೂ ಆಗದು. ತೀರಾ ಕಷ್ಟದ ಜಾಗದಲ್ಲಿದ್ದವಕ್ಕೆ ಮಾತ್ರ ಮೊದಲೆರಡು ಬೇಸಿಗೆ ಪಕ್ಕದಲ್ಲಿ ತೂತಿನ ಮಡಕೆ ಹೂಳಿ ಹತ್ತು ದಿನಕ್ಕೊಮ್ಮೆ ತುಂಬಿಸಿದೆ. ಕಸಬಾ ಪೇಠೆಯ ಕುಂಬಾರವಾಡೆಯಲ್ಲಿ ಓರೆಕೋರೆ ಮಡಕೆ ಮೂವತ್ತು ರೂಪಾಯಿಯ ಆಸುಪಾಸಿಗೆ ಸಿಕ್ಕವು.

ಗ್ಲಿರಿಸಿಡಿಯದ ವಿಷಯದಲ್ಲಿ ನಮ್ಮವರೊಂದಿಗೇ ನನ್ನ ಜಗಳ. ಮೆಕ್ಸಿಕೊ, ಮಧ್ಯ ಅಮೆರಿಕದ ಈ ಮರವನ್ನು ಪುಣೆಯ ಗುಡ್ಡಗಳ ಮೇಲೆಲ್ಲ ನೆಟ್ಟಿದ್ದಾರೆ. ಇಲ್ಲಿನವರು ಉಂದಿರಮಾರಿ ಎನ್ನುತ್ತಾರೆ. ‘ಮೊದಲು ಅದನ್ನು ಕಡಿಯಿರಿ, ಆಮೇಲೆ ಸ್ಥಳೀಯ ಗಿಡದ ಮಾತಾಡಿ’ ಎನ್ನುವ ಗೆಳೆಯರಿದ್ದಾರೆ. ನಾನು ಕಡಿಯಲಿಲ್ಲ. ಅದರ ಅರೆನೆರಳಿನಲ್ಲಿ ಬಿತ್ತಿದ ಹಾಲೆ, ಬಯಲಿನದ್ದಕ್ಕಿಂತ ಎರಡು ಪಟ್ಟು ಉಳಿಯಿತು. ಜೂನ್‌ನಲ್ಲಿ ಕೊಂಬೆ ಸವರಿ ಸೊಪ್ಪನ್ನು ಮೊಳಕೆಗಳ ಬುಡಕ್ಕೆ ಹೊದಿಸುತ್ತಿದ್ದೆ, ಗೊಬ್ಬರ ಬಿಟ್ಟಿ. ಹಾಲೆ ಎದೆಮಟ್ಟಕ್ಕೆ ಬಂದ ಮೇಲೆ ಒಂದೊಂದೇ ಸಾಲು ತೆಗೆಸಿದೆ. ವಿದೇಶಿ ಮರವಾದರೂ ನಗರದಲ್ಲಿ ಕೊಡಲಿ ಹಾಕಲು 1975ರ ಮಹಾರಾಷ್ಟ್ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಆ ಓಡಾಟಕ್ಕೆ ತಗುಲಿದ ರಿಕ್ಷಾ ಬಾಡಿಗೆಯಲ್ಲಿ ಇನ್ನೊಂದು ಸಾಲು ಮಡಕೆ ಬರುತ್ತಿದ್ದವು.

ಅಂದ ಹಾಗೆ ಈ ಹಾಲೆಯೇ ಚನ್ನಪಟ್ಟಣದ ಬೊಂಬೆಯ ಮರ. ಸಮಿತಿಯ ಮರಾಠಿ ಹೆಂಗಸರಿಗೆ ಒಂದು ಬುಗುರಿ ತಂದು ತೋರಿಸಿದ ಮೇಲೆಯೇ ಅದಕ್ಕೆ ಮರ್ಯಾದೆ ಬಂತು.

ಆಪಟಾದ ಪಾಡು ಬೇರೆ. ದಸರೆಗೆ ನಮ್ಮೂರಿನಲ್ಲಿ ಬನ್ನಿ ಕೊಟ್ಟು ‘ಬಂಗಾರದ ಹಾಗಿರೋಣ’ ಎಂದರೆ ಇಲ್ಲಿ ಚಿನ್ನವೆಂದು ಆಪಟಾದ ಎಲೆ ಕೊಡುತ್ತಾರೆ. ಸೊಂಟದೆತ್ತರದ ಗಿಡಗಳನ್ನು ಒಂದು ದಸರೆಯ ಹಿಂದಿನ ರಾತ್ರಿ ಬೋಳು ಮಾಡಿ ಹೋದರು. ಮಾರನೆಯ ವರ್ಷ ನಾನೇ ಎಲೆ ಬಿಡಿಸಿ ಬುಟ್ಟಿಯಲ್ಲಿ ಗೇಟಿನ ಬಳಿ ಇಟ್ಟೆ. ಮನೆಗೆ ಐದೈದು ಎಲೆ, ಕೊಂಬೆ ಮುರಿಯುವ ಹಾಗಿಲ್ಲ. ಅಲ್ಲಿಗೆ ಕಳ್ಳತನ ನಿಂತಿತು.

ನಡುವೆ ಬೇರೆ ಚಪಲಗಳೂ ಇದ್ದವು. ಕಾರ್ವಿಯನ್ನು ಬಿತ್ತಿದೆ, ಸಹ್ಯಾದ್ರಿಯ ಮಳೆ ಕಂಡ ಗಿಡ, ನಮ್ಮ ಒಣ ಇಳಿಜಾರಿನಲ್ಲಿ ಎರಡನೆಯ ಬೇಸಿಗೆ ದಾಟಲಿಲ್ಲ. ಅಗ್ನಿಶಿಖೆ ಮಾತ್ರ ಬೇಲಿಯ ತುಂಬ ಹಬ್ಬಿದೆ. ಗಡ್ಡೆ ಕಡುವಿಷ, ಮಕ್ಕಳಿರುವ ಮನೆಯವರು ಯೋಚಿಸಿ ನೆಡಿ. ಜುನ್ನರ್ ಕಡೆಯ ಬಂಡೆಗಳ ಫ್ರೇರಿಯಾ, ಅಂದರೆ ಬ್ರಿಟಿಷರ ಕಾಲದಲ್ಲಿ ಮುಂಬೈ ಗವರ್ನರ್ ಆಗಿದ್ದ ಬಾರ್ಟಲ್ ಫ್ರೆಯರ್ ಹೆಸರು ಹೊತ್ತ ಪುಟ್ಟ ರಸಭರಿತ ಗಿಡ, ಸಾಕಿದವರೊಬ್ಬರಿಂದ ಒಂದು ತುಂಡು ಬಂತು. ಬಂಡೆಯಿಂದ ಕಿತ್ತದ್ದಾಗಿದ್ದರೆ ಮುಟ್ಟುತ್ತಿರಲಿಲ್ಲ. ತುಂಡು ಸುಲಭವಾಗಿ ಬೇರು ಬಿಡುತ್ತದೆ. ಮಳೆಗಾಲದಲ್ಲಿ ಎಲೆ, ಜೊತೆಗೆ ಹಳದಿ ಚುಕ್ಕೆಯ ಕಡುಗೆಂಪು ನಕ್ಷತ್ರದಂಥ ಹೂ. ಎಲೆ ಉದುರಿಸಿದ ಮೇಲೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಕೊಳೆಯುತ್ತದೆ.

ನನ್ನ ಕೈಯಿಂದ ಈ ಏಳೆಂಟು ವರ್ಷದಲ್ಲಿ ಹೋದದ್ದು ಇಪ್ಪತ್ತೈದು ಸಾವಿರದೊಳಗೆ. ಅದರಲ್ಲಿ ಮೂರನೇ ಒಂದು ಪಾಲು ಬೆಂಕಿಗೆ ಹೆದರಿ ಮಾಡಿದ್ದು: ಹುಲ್ಲು ಬೀಜ ಉದುರಿಸುವವರೆಗೆ ಬಿಟ್ಟು, ಜನವರಿಯಲ್ಲಿ ಅಂಚಿನುದ್ದಕ್ಕೂ ಮೂರು ಮಾರು ಅಗಲ ಕೊಯ್ಸಿ ಬೆತ್ತಲೆ ಮಾಡಿಸುತ್ತೇನೆ. ಒಂದು ಸಿಗರೇಟು ತುಂಡು ಸಾಕು, ಎಲ್ಲ ಬೂದಿ.

ಈಗ ಸಮಿತಿಗೆ ಮರಗಳ ನಡುವೆ ಪೇವರ್ ಬ್ಲಾಕಿನ ದಾರಿಯೂ ಬಣ್ಣದ ದೀಪಗಳೂ ಬೇಕಂತೆ. ಅಂದಾಜು ಪಟ್ಟಿ ಬಂದಿದೆ, ಮೂರು ಲಕ್ಷ ಚಿಲ್ಲರೆ. ನಾನೂ ಒಂದು ಪಟ್ಟಿ ಕೊಟ್ಟಿದ್ದೇನೆ: ಹೊಸ ಹಾರೆ ಒಂದು, ಕೈಗವಸು ಎರಡು ಜೊತೆ, ನಮ್ಮ ಮಾಳಿಯ ಸಂಬಳ ತಿಂಗಳಿಗೆ ಐನೂರು ಹೆಚ್ಚು. ಮುಂದಿನ ಸಭೆಯಲ್ಲಿ ಎರಡೂ ಚರ್ಚೆಗೆ ಬರಲಿವೆ.