ಪಾತ್ರೆಯ ಮೇಲೆ ಯಾರ ಹೆಸರಿದೆ?

2019ರ ಶ್ರಾವಣದಲ್ಲಿ ಅಮ್ಮ ಹದಿನೈದು ದಿನ ಹುಬ್ಬಳ್ಳಿಗೆ, ತಂಗಿಯ ಮನೆಗೆ ಹೋಗಿದ್ದಳು. ಅಷ್ಟರೊಳಗೆ ಮನೆಯನ್ನು ಹಗುರ ಮಾಡಿಬಿಡಬೇಕೆಂದು ಅಟ್ಟದಲ್ಲಿದ್ದ ತಾಮ್ರದ ಹಂಡೆಯನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದೆ. ಗೀಸರ್ ಬಂದ ಮೇಲೆ ಅದರಲ್ಲಿ ಯಾರೂ ನೀರು ಕಾಯಿಸಿರಲಿಲ್ಲ. ಅಮ್ಮ ಬಂದವಳು ಬರಿದಾದ ಜಾಗವನ್ನು ನೋಡಿ, “ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲವೇನೋ” ಎಂದಳು. ಅಷ್ಟೇ. ಅದು ಅವಳ ತವರಿನಿಂದ ಬಂದದ್ದು. ನನಗೂ ತಂಗಿಗೂ ಮೊದಲ ಎಣ್ಣೆಸ್ನಾನದ ನೀರು ಕಾದದ್ದು ಅದರಲ್ಲೇ. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಓಡಿದೆ. ಹಂಡೆ ಆಗಲೇ ಕರಗಿಸುವವರ ಕೈ ಸೇರಿತ್ತು. ಆ ದಿನದಿಂದ ಮನೆಯ ಯಾವ ವಸ್ತುವನ್ನೂ ಅದರ ಒಡೆಯರನ್ನು ಕೇಳದೆ ನಾನು ಹೊರಗೆ ಹಾಕಿಲ್ಲ.

ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ 30–40ರ ನಿವೇಶನದ ಮನೆ. ಇರುವವರು ಐದು ಜನ, ಸಾಮಾನು ಮಾತ್ರ ಆರು ಜನರದು. ಮದುವೆಯಾಗಿ ಹೋದ ತಂಗಿಯ ಪೆಟ್ಟಿಗೆಗಳೂ ಇಲ್ಲೇ ಇವೆ. ಎರಡನೆಯ ಸಲ ಕೆಲಸಕ್ಕೆ ಕೈಹಾಕಿದಾಗ ಮೊದಲು ನನ್ನ ಕಪಾಟನ್ನೇ ಬರಿದು ಮಾಡಿದೆ. ಹತ್ತು ವರ್ಷ ಮುಟ್ಟದ ಪರೀಕ್ಷಾ ಪುಸ್ತಕಗಳು, ಬಿಗಿಯಾದ ಪ್ಯಾಂಟುಗಳು, ಯಾವ ಫೋನಿನದೆಂದು ತಿಳಿಯದ ಚಾರ್ಜರ್‌ಗಳು. ಮೂರು ಭಾನುವಾರ ಹಿಡಿಯಿತು. ಅದನ್ನು ಕಂಡ ಮೇಲೆ ಅಪ್ಪ ತಾವಾಗಿಯೇ, “ನನ್ನ ಟ್ರಂಕನ್ನೂ ಒಮ್ಮೆ ನೋಡೋಣ” ಎಂದರು.

ಅದಕ್ಕೂ ಮೊದಲು ಅಮ್ಮನ ಪಾತ್ರೆಗಳು. ನಮ್ಮ ಕಡೆಯ ಹಳೆಯ ಪಾತ್ರೆಗಳ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ. ಕೆಲವದರಲ್ಲಿ ಮದುವೆಯ ತಾರೀಖೂ ಇರುತ್ತದೆ. ಎಲ್ಲವನ್ನೂ ನಡುಮನೆಗೆ ಇಳಿಸಿ, ಹುಣಸೆಹಣ್ಣಿನಿಂದ ಉಜ್ಜಿ, ಹೆಸರು ಓದುತ್ತಾ ಕುಳಿತೆವು. ಅಜ್ಜಿಯ ಹೆಸರಿನವು ಒಂದು ಕಡೆ, ಅಮ್ಮನವು ಒಂದು ಕಡೆ, ಮದುವೆ ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದ ಸ್ಟೀಲ್ ಡಬ್ಬಿಗಳು ಒಂದು ಕಡೆ. ಯಾವುದು ಬೇಡವೆಂದು ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲವೂ ಬೇಕು ಎಂಬ ಉತ್ತರವೇ ಬರುತ್ತದೆ. ಅಡುಗೆಮನೆಯ ಮೇಲಿನ ಎರಡು ಹಲಗೆಗಳನ್ನು ತೋರಿಸಿ, “ಇದು ಪೂರ್ತಿ ನಿನ್ನದು, ಇಲ್ಲಿ ಯಾವುದು ಇರಲಿ?” ಎಂದೆ. ಅಮ್ಮ ಮೊದಲು ಎತ್ತಿಟ್ಟದ್ದು ಅಜ್ಜಿಯ ಹಿತ್ತಾಳೆ ಕೊಳದಪ್ಪಲೆ. ಸ್ಟೀಲ್ ಡಬ್ಬಿಗಳಲ್ಲಿ ಮೂವತ್ತಕ್ಕೂ ಹೆಚ್ಚನ್ನು ತಾನೇ ಬೇಡವೆಂದಳು. ಅವುಗಳಲ್ಲಿ ಹತ್ತು ನಮ್ಮ ಮನೆಗೆಲಸದವರ ಮಗಳ ಹೊಸ ಸಂಸಾರಕ್ಕೆ ಹೋದವು.

ನೀರಿನ ಡ್ರಮ್ಮುಗಳ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಬೆಳೆದ ಗೃಹಿಣಿಗೆ ಖಾಲಿ ಬಿಂದಿಗೆಯನ್ನು ಬಿಸಾಡುವುದಕ್ಕೆ ಕೈ ಬರುವುದಿಲ್ಲ. ಸಂಪು, ಮೇಲಿನ ಟ್ಯಾಂಕು ಇರುವಾಗ ಇವು ಏಕೆ ಎಂದು ನಾನು ವಾದಿಸಿದೆ. ಅಮ್ಮ ಜಗ್ಗಲಿಲ್ಲ, ನಾಲ್ಕರಲ್ಲಿ ಮೂರು ಉಳಿದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ಎಷ್ಟೋ ಮನೆಗಳು ಟ್ಯಾಂಕರ್ ದಾರಿ ಕಾದವಲ್ಲ, ಆಗ ಆ ಮೂರು ಡ್ರಮ್ಮುಗಳಿಂದಲೇ ನಮ್ಮ ಬಟ್ಟೆ, ಪಾತ್ರೆ ತೊಳೆಯುವುದು ನಡೆಯಿತು. ಹಿರಿಯರು ಏನನ್ನಾದರೂ ಕೂಡಿಟ್ಟಿದ್ದರೆ, ಯಾವ ಕೊರತೆಯ ಕಾಲದಲ್ಲಿ ಆ ಅಭ್ಯಾಸ ಹುಟ್ಟಿತು ಎಂದು ಈಗ ಮೊದಲು ವಿಚಾರಿಸುತ್ತೇನೆ.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿದ್ದವರು. ಟ್ರಂಕಿನಲ್ಲಿ ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್, ನಿಂತುಹೋದ ಐದು ಎಚ್‌ಎಂಟಿ ಕೈಗಡಿಯಾರಗಳು, ಅವುಗಳ ಕೆಳಗೆ ನಲವತ್ತು ವರ್ಷಗಳ ಕಾಗದ. ಕೀಲಿ ಕೊಡುವ ಗಡಿಯಾರಗಳಾದ್ದರಿಂದ ಶುಚಿಮಾಡಿ ಎಣ್ಣೆ ಹಾಕಿಸಿದಾಗ ಎರಡು ಮತ್ತೆ ನಡೆದವು. ಒಂದನ್ನು ಅಪ್ಪ ಮೊಮ್ಮಗನ ಕೈಗೆ ಕಟ್ಟಿದರು. ಕಾಗದಗಳಿಗೆ ದಿನಕ್ಕೆ ಅರ್ಧ ಗಂಟೆ ಮಾತ್ರ. ಅದಕ್ಕಿಂತ ಹೆಚ್ಚಾದರೆ ಅವರಿಗೆ ಆಯಾಸ, ನನಗೆ ಅವಸರ. ಕ್ರಯಪತ್ರ, ಖಾತಾ, ಆಸ್ತಿ ತೆರಿಗೆಯ ಎಲ್ಲ ರಸೀದಿಗಳು ಮತ್ತು ಪಿಂಚಣಿಯ ಕಾಗದಗಳು ಒಂದು ಕಡತಕ್ಕೆ ಹೋದವು. ವಿದ್ಯುತ್ ಬಿಲ್ಲುಗಳಲ್ಲಿ ಕಳೆದ ಒಂದು ವರ್ಷದವನ್ನು ಇಟ್ಟುಕೊಂಡೆವು. ಅಂಗಡಿ ಯಂತ್ರಗಳಿಂದ ಬರುವ ನುಣುಪು ಬಿಲ್ಲುಗಳ ಅಕ್ಷರ ಕೆಲವು ವರ್ಷಗಳಲ್ಲಿ ಮಾಸಿ ಬಿಳಿ ಹಾಳೆಯಷ್ಟೇ ಉಳಿಯುತ್ತದೆ. ಫ್ರಿಜ್‌ನ ವಾರಂಟಿ ಬಿಲ್ಲು ಹಾಗೆಯೇ ಆಗಿತ್ತು. ಈಗ ತಂದ ದಿನವೇ ಜೆರಾಕ್ಸ್ ಮಾಡಿಸುತ್ತೇನೆ.

ಅಮ್ಮನ ಎರಡು ಹತ್ತಿ ಹಾಸಿಗೆಗಳನ್ನು ಬಿಚ್ಚಿ, ಹಿಂಜಿಸಿ, ಹೊಸ ಬಟ್ಟೆಯಲ್ಲಿ ಒಂದು ಹಾಸಿಗೆ, ನಾಲ್ಕು ದಿಂಬು ಮಾಡಿಸಿದೆವು. ಹಳೆಯ ಪೇಪರ್ ಅಂಗಡಿಗೆ ಹೋಗಬೇಕಾದದ್ದು ಅಲ್ಲಿಗೆ ಹೋಯಿತು. ಹಸಿ, ಒಣ, ನೈರ್ಮಲ್ಯ ಕಸವೆಂದು ಬೇರ್ಪಡಿಸುವುದನ್ನು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲೇ ಕಡ್ಡಾಯ ಮಾಡಿದೆ, ಆದರೂ ಅಟ್ಟ ಇಳಿಸುವ ದಿನ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಆತುರ ಹುಟ್ಟುತ್ತದೆ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸವಿರುತ್ತದೆ. ಅದನ್ನೂ ಬ್ಯಾಟರಿ, ಚಾರ್ಜರ್‌ಗಳನ್ನೂ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಟ್ಟೆ. ಇದನ್ನು ದಯವಿಟ್ಟು ಯಾರೂ ಒಣ ಕಸಕ್ಕೆ ಸೇರಿಸಬೇಡಿ. ಒಡೆದ ಗಾಜನ್ನು ಬರಿಗೈಯಲ್ಲಿ ಆರಿಸುವವರು ಇನ್ನೊಬ್ಬರ ಮನೆಯ ಮಕ್ಕಳು.

ಹದಿನೆಂಟು ವರ್ಷದ ಮಗನ ಕೋಣೆಗೆ ನಾನು ಕೈಹಾಕಿಲ್ಲ. ಬಾಗಿಲಿನಿಂದ ಈಚೆ ಅವನ ಸಾಮಾನು ಬರಬಾರದು, ಅಷ್ಟೇ ಒಪ್ಪಂದ.

ತಂಗಿಯ ನಾಲ್ಕು ಪೆಟ್ಟಿಗೆಗಳನ್ನು ಅವಳು ಗೌರಿ ಹಬ್ಬಕ್ಕೆ ಬರುವವರೆಗೆ ಹಾಗೆಯೇ ಇಟ್ಟಿದ್ದೆ. ಬಾಗಿನ ಕೊಟ್ಟ ಮಧ್ಯಾಹ್ನ ಎರಡನ್ನು ತೆರೆದಳು. ಭರತನಾಟ್ಯದ ಗೆಜ್ಜೆಯನ್ನು ತೆಗೆದುಕೊಂಡಳು. ಉಳಿದ ಬಟ್ಟೆ, ನೋಟ್‌ಪುಸ್ತಕಗಳನ್ನು ಕೊಟ್ಟುಬಿಡಿ ಎಂದಳು. ಮಿಕ್ಕ ಎರಡರ ಹತ್ತಿರ ಬಂದಾಗ, “ಅಣ್ಣ, ಇವು ಮುಂದಿನ ವರ್ಷ” ಎಂದಳು. ಆ ಪೆಟ್ಟಿಗೆಗಳ ಮೇಲೆ ಮಾರ್ಕರ್‌ನಿಂದ ಅವಳ ಹೆಸರು ಬರೆದು ಮತ್ತೆ ಅಟ್ಟಕ್ಕೆ ಏರಿಸಿದ್ದೇನೆ, ಹಂಡೆ ಇದ್ದ ಜಾಗದಲ್ಲಿ.