ಉರಿಯಿಲ್ಲದ ಮೂತ್ರಸೋಂಕು: ಗರ್ಭಿಣಿಯರ ಓಪಿಡಿಯಲ್ಲಿ ನಾವು ಪಾಲಿಸುವ ಕ್ರಮ

ತಾಯಿ ಕಾರ್ಡಿನಲ್ಲಿ ಮೂತ್ರ ಪರೀಕ್ಷೆ ಆಗಿದೆ ಎಂದು ಬರೆದಿದ್ದರೆ ಅದು ಬಹುಮಟ್ಟಿಗೆ ಆಲ್ಬುಮಿನ್ ಮತ್ತು ಸಕ್ಕರೆಯ ಪರೀಕ್ಷೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಯೂರಿನ್ ಕಲ್ಚರ್, ಅಂದರೆ ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಬೇಕು. ಗರ್ಭಿಣಿ ಮೊದಲ ಸಲ ಬಂದಾಗಲೇ, ಸಾಧ್ಯವಾದರೆ 12ರಿಂದ 16 ವಾರದೊಳಗೆ, ಒಂದು ಕಲ್ಚರ್ ಮಾಡಿಸುತ್ತೇವೆ. ಉರಿಮೂತ್ರ ಇದೆಯೇ ಎಂದು ಕೇಳಿ, 'ಇಲ್ಲ' ಎಂದವರನ್ನು ಬಿಟ್ಟರೆ ಈ ಪರೀಕ್ಷೆಯ ಉದ್ದೇಶವೇ ತಪ್ಪಿಹೋಗುತ್ತದೆ.

100 ಗರ್ಭಿಣಿಯರಲ್ಲಿ 2ರಿಂದ 10 ಮಂದಿಗೆ ಹೀಗೆ ಸದ್ದಿಲ್ಲದ ಸೋಂಕು ಇರುತ್ತದೆ. ಗರ್ಭಿಣಿಯಲ್ಲದ ಆರೋಗ್ಯವಂತ ಹೆಂಗಸಿನಲ್ಲಿ ಇದೇ ಬ್ಯಾಕ್ಟೀರಿಯಾ ಸಿಕ್ಕರೆ ಮಾತ್ರೆ ಕೊಡುವುದಿಲ್ಲ, ಹಾಗೇ ಬಿಡುತ್ತೇವೆ. ಬಸಿರಿನಲ್ಲಿ ಬಿಡಲಾಗದು. ಬಸಿರಿನ ಹಾರ್ಮೋನ್ ಪ್ರೊಜೆಸ್ಟರಾನ್‌ನಿಂದ ಮೂತ್ರನಾಳಗಳು ಸಡಿಲವಾಗುತ್ತವೆ, ಬೆಳೆಯುವ ಗರ್ಭಕೋಶ ಬಲಕ್ಕೆ ವಾಲಿ ನಾಳವನ್ನು ಒತ್ತುತ್ತದೆ, ಮೂತ್ರ ಹರಿಯದೆ ಅಲ್ಲೇ ನಿಲ್ಲುತ್ತದೆ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಿಡ್ನಿಯವರೆಗೆ ಏರುವುದು ಸುಲಭ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಇಂಥ 100 ಮಂದಿಯಲ್ಲಿ 20ರಿಂದ 35 ಮಂದಿಗೆ ಕಿಡ್ನಿ ಸೋಂಕು ಆಗಬಹುದು. ಚಳಿಜ್ವರ, ವಾಂತಿ, ಹೆಚ್ಚಾಗಿ ಬಲಪಕ್ಕೆಯ ನೋವು. ಜೊತೆಗೆ ಅವಧಿಗೆ ಮುಂಚಿನ ಹೆರಿಗೆಯ ಭಯ.

ಇಡೀ ಕೆಲಸದಲ್ಲಿ ಹೆಚ್ಚು ಕೆಡುವುದು ಸ್ಯಾಂಪಲ್. ಖಾಲಿ ಡಬ್ಬಿ ಕೈಗಿತ್ತು 'ಮೂತ್ರ ತೆಗೆದುಕೊಂಡು ಬಾಮ್ಮ' ಎಂದರೆ ಬರುವುದು ಬೇಡದ ಬ್ಯಾಕ್ಟೀರಿಯಾಗಳ ಸಂತೆ. ಅದಕ್ಕೇ ಸಿಸ್ಟರ್ ಪಕ್ಕಕ್ಕೆ ಕರೆದು ಬಿಡಿಸಿ ಹೇಳಬೇಕು: ಮೊದಲು ಕೈ ತೊಳೆಯಿರಿ. ಮೂತ್ರ ಬರುವ ಜಾಗವನ್ನು ಬರಿ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಡೆಟಾಲ್, ಸ್ಯಾವ್ಲಾನ್ ಬೇಡ. ಅದು ಡಬ್ಬಿಗೆ ಸೇರಿದರೆ ಬ್ಯಾಕ್ಟೀರಿಯಾ ಸತ್ತು ರಿಪೋರ್ಟು ಸುಳ್ಳೇ ನಾರ್ಮಲ್ ಬರುತ್ತದೆ. ಒಂದು ಕೈಯಿಂದ ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ಮೊದಲ ಮೂತ್ರವನ್ನು ಹೊರಗೆ ಬಿಟ್ಟು, ನಿಲ್ಲಿಸದೆ ನಡುವಿನ ಧಾರೆಯನ್ನು ಮಾತ್ರ ಡಬ್ಬಿಗೆ ಹಿಡಿಯಿರಿ. 20 ಮಿ.ಲೀ. ಸಾಕು. ಡಬ್ಬಿ ಅಗಲ ಬಾಯಿಯದು, ಸ್ಟೆರೈಲ್ ಆಗಿರಬೇಕು. ಮುಚ್ಚಳದ ಒಳಮೈಗೆ ಬೆರಳು ತಾಗಬಾರದು, ಅದನ್ನು ನೆಲಕ್ಕೆ ಇಡಬಾರದು. ಶೌಚಾಲಯದಲ್ಲಿ ನೀರು ಮತ್ತು ಡಬ್ಬಿ ಇಡಲು ಒಂದು ಕಟ್ಟೆ ಇಲ್ಲದಿದ್ದರೆ ಈ ಮಾತೆಲ್ಲ ವ್ಯರ್ಥ. ಆದ್ದರಿಂದ ಓಪಿಡಿ ಶುರುವಾಗುವ ಮೊದಲು ಅವೆರಡನ್ನೂ ನೋಡಿಕೊಳ್ಳುತ್ತೇವೆ.

ಆಮೇಲೆ ಗಡಿಯಾರದ ಲೆಕ್ಕ. ಕೋಣೆಯ ಬಿಸಿಯಲ್ಲಿ ಮೂತ್ರ 2 ಗಂಟೆಗಿಂತ ಹೆಚ್ಚು ಕೂತರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದು ಎಣಿಕೆ ಸುಳ್ಳೇ ಏರುತ್ತದೆ. ಲ್ಯಾಬ್ ದೂರದ ಊರಿನಲ್ಲಿದ್ದರೆ ಕೂಡಲೇ 4 ಡಿಗ್ರಿ ಫ್ರಿಜ್ಜಿಗೆ ಇಟ್ಟು, ಐಸ್ ಪ್ಯಾಕ್ ಜೊತೆ 24 ಗಂಟೆಯೊಳಗೆ ತಲುಪಿಸಬೇಕು. ಬೋರಿಕ್ ಆಮ್ಲ ಇರುವ ಡಬ್ಬಿ ಸಿಕ್ಕರೆ ಗೆರೆಯವರೆಗೆ ತುಂಬಿಸಿ. ಅರ್ಧ ತುಂಬಿದರೆ ಆಮ್ಲ ದಟ್ಟವಾಗಿ ಬ್ಯಾಕ್ಟೀರಿಯಾವನ್ನೇ ತಡೆಯುತ್ತದೆ. ಮೂತ್ರ ಹಿಡಿದ ಸಮಯವನ್ನು ಲೇಬಲ್ಲಿನ ಮೇಲೆ ಬರೆಯುವುದು ಕಡ್ಡಾಯ.

ಲ್ಯಾಬಿನಲ್ಲಿ 0.001 ಮಿ.ಲೀ. ಹಿಡಿಯುವ ಲೂಪಿನಿಂದ, ಅಂದರೆ ತಂತಿಯ ಪುಟ್ಟ ಬಳೆಯಿಂದ, ಮೂತ್ರವನ್ನು, ಬ್ಯಾಕ್ಟೀರಿಯಾ ಬೆಳೆಸುವ ಸಿಎಲ್‌ಇಡಿ ಪ್ಲೇಟಿನ ಮೇಲೆ ಎಳೆದು, 35–37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡುತ್ತಾರೆ. 100 ಕಾಲನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕಿಗಳು) ಎದ್ದರೆ 1 ಮಿ.ಲೀ.ಗೆ 1 ಲಕ್ಷ. ಒಂದೇ ಜಾತಿಯ ಬ್ಯಾಕ್ಟೀರಿಯಾ 1 ಲಕ್ಷ ಅಥವಾ ಹೆಚ್ಚು ಇದ್ದರೆ ಸೋಂಕು. 1950ರ ದಶಕದಲ್ಲಿ ಬಾಸ್ಟನ್‌ನ ಎಡ್ವರ್ಡ್ ಕ್ಯಾಸ್ ಹಾಕಿದ ಗೆರೆ ಇದು, ಇವತ್ತಿಗೂ ಅದೇ ಗೆರೆ. ಮೂರ್ನಾಲ್ಕು ಜಾತಿ ಬೆರೆತು ಬಂದರೆ ಅದು ಸ್ಯಾಂಪಲ್ಲಿನ ತಪ್ಪು. ಮಾತ್ರೆ ಬರೆಯುವುದಿಲ್ಲ, ಮತ್ತೆ ಹಿಡಿಸುತ್ತೇವೆ.

'ಪಸ್ ಸೆಲ್ 8–10' (ಕೀವುಕಣ) ಎಂಬ ಒಂದೇ ಸಾಲನ್ನು ಸಾದಾ ಮೂತ್ರ ಪರೀಕ್ಷೆಯ ರಿಪೋರ್ಟಿನಲ್ಲಿ ನೋಡಿ ಆ್ಯಂಟಿಬಯಾಟಿಕ್ ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಬಸಿರಿನಲ್ಲಿ ಬಿಳಿಸೆರಗು ಹೆಚ್ಚು. ಆ ಕೋಶಗಳು ಅಲ್ಲಿಂದಲೇ ಬಂದಿರಬಹುದು. ಮೈಪದರದಿಂದ ಉದುರುವ ಎಪಿಥೀಲಿಯಲ್ ಕೋಶಗಳೂ ರಾಶಿ ಇದ್ದರೆ ಆ ಅನುಮಾನ ಇನ್ನೂ ಗಟ್ಟಿ. ಇದಕ್ಕೆ ವಿರುದ್ಧವಾಗಿ, ಪಸ್ ಸೆಲ್ ಇಲ್ಲದಿದ್ದರೂ ಕಲ್ಚರಿನಲ್ಲಿ ಬೆಳೆಯುವುದುಂಟು.

ಕಲ್ಚರ್ ಸೌಲಭ್ಯವೇ ಇಲ್ಲದ ಕಡೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸದ ಮೂತ್ರದ ಒಂದು ಹನಿಗೆ ಗ್ರಾಂ ಸ್ಟೇನ್ ಮಾಡಿ, ಅಂದರೆ ಬ್ಯಾಕ್ಟೀರಿಯಾ ಕಾಣುವಂತೆ ಬಣ್ಣ ಹಾಕಿ. ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಷನ್ ಲೆನ್ಸ್‌ನಲ್ಲಿ ಪ್ರತಿ ಫೀಲ್ಡಿಗೆ ಒಂದಾದರೂ ಬ್ಯಾಕ್ಟೀರಿಯಾ ಕಂಡರೆ ಹೆಚ್ಚುಕಡಿಮೆ 1 ಲಕ್ಷದ ಲೆಕ್ಕವೇ. ಡಿಪ್‌ಸ್ಟಿಕ್, ಅಂದರೆ ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ, ಇದಕ್ಕಿಂತ ಕೆಳಗಿನದು. ಬ್ಯಾಕ್ಟೀರಿಯಾ ಮಾಡುವ ನೈಟ್ರೈಟ್ ಎಂಬ ವಸ್ತು ಅದರಲ್ಲಿ ತೋರಬೇಕಾದರೆ ಮೂತ್ರ ಚೀಲದಲ್ಲಿ ಸುಮಾರು 4 ಗಂಟೆ ನಿಂತಿರಬೇಕು. ಗಂಟೆಗೊಮ್ಮೆ ಒಂದಕ್ಕೆ ಹೋಗುವ ಗರ್ಭಿಣಿಯಲ್ಲಿ ಅದು ನಿಲ್ಲುವುದೇ ಇಲ್ಲ. ಎಂಟರೋಕಾಕಸ್ ಎಂಬ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ. ಬಾಟಲಿಯ ಮುಚ್ಚಳ ತೆರೆದಿಟ್ಟು ತೇವ ಕುಡಿದ ಪಟ್ಟಿಯನ್ನು ನಂಬಬೇಡಿ.

ಹೆಚ್ಚಾಗಿ ಸಿಗುವುದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂದು ಹೇಳುವ ಸೆನ್ಸಿಟಿವಿಟಿ ರಿಪೋರ್ಟು ಬರುವವರೆಗೆ ಕಾಯುತ್ತೇವೆ. ನೋವು, ಜ್ವರ ಇಲ್ಲದವರಲ್ಲಿ ಎರಡು ದಿನ ಕಾದರೆ ನಷ್ಟವಿಲ್ಲ. ಆಮೇಲೆ ಕೊಡುವ ಮಾತ್ರೆ ನೈಟ್ರೊಫ್ಯುರಾಂಟೊಯಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಊಟದ ಜೊತೆ, 5ರಿಂದ 7 ದಿನ. ಮೊದಲ ಮೂರು ತಿಂಗಳಲ್ಲಿ ಬೇರೆ ದಾರಿ ಇದ್ದರೆ ಇದು ಬೇಡ, ದಿನ ತುಂಬಿದಾಗ ಬೇಡವೇ ಬೇಡ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದರೆ ರಕ್ತಕಣ ಒಡೆಯುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಪ್ರೋಟಿಯಸ್‌ಗೆ ಇದು ನಾಟುವುದಿಲ್ಲ. ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳದಿದ್ದರೆ ಎರಡನೇ ದಿನಕ್ಕೇ ಮಾತ್ರೆ ನಿಲ್ಲುತ್ತದೆ. ಎದೆಯುರಿಗೆಂದು ಮೆಗ್ನೀಸಿಯಂ ಟ್ರೈಸಿಲಿಕೇಟ್ ಇರುವ ಆ್ಯಂಟಾಸಿಡ್ ಜೊತೆಗೆ ನುಂಗಿದರೆ ಔಷಧ ಸರಿಯಾಗಿ ಹೀರುವುದಿಲ್ಲ. ಇಲ್ಲವಾದರೆ ಸೆಫಲೆಕ್ಸಿನ್ 500 ಮಿ.ಗ್ರಾಂ. ದಿನಕ್ಕೆ ನಾಲ್ಕು ಸಲ, 5ರಿಂದ 7 ದಿನ, ಅಥವಾ ಫಾಸ್ಫೊಮೈಸಿನ್ 3 ಗ್ರಾಂ. ಒಂದೇ ಸಲ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಮುಟ್ಟುವುದಿಲ್ಲ.

'ಏನೂ ತೊಂದರೆ ಇಲ್ಲವಲ್ಲ ಡಾಕ್ಟ್ರೇ, ಬರಿ ಉಷ್ಣ ಇರಬೇಕು' ಎಂದು ಅತ್ತೆಯೋ ಅಮ್ಮನೋ ಬಾರ್ಲಿ ನೀರು, ಎಳನೀರಿನಲ್ಲೇ ಮುಗಿಸಲು ನೋಡುತ್ತಾರೆ. ಕುಡಿಯಲಿ, ಒಳ್ಳೆಯದೇ, ಮಾತ್ರೆಯ ಜೊತೆಗೆ ಕುಡಿಯಲಿ. ಈ ಮಾತನ್ನು ಮನೆಯವರ ಎದುರಿಗೇ ಹೇಳಬೇಕು.

ಮಾತ್ರೆ ಮುಗಿದ 1–2 ವಾರಕ್ಕೆ ಮತ್ತೆ ಕಲ್ಚರ್. ಸೋಂಕು ಮರುಕಳಿಸುವುದು ಅಪರೂಪವಲ್ಲ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಪಕ್ಕೆ ನೋವು, ವಾಂತಿ ಇದ್ದರೆ ಮನೆಯಲ್ಲಿ ಮಾತ್ರೆ ಸಾಲದು, ದಾಖಲಿಸಬೇಕು. ರಿಪೋರ್ಟು ಬರುವಷ್ಟರಲ್ಲಿ ಆಕೆ ಊರಿಗೆ ಹೋಗಿರುತ್ತಾಳೆ. ಆದ್ದರಿಂದ ಸ್ಯಾಂಪಲ್ ಪುಸ್ತಕದಲ್ಲಿ ಆಕೆಯ ಮೊಬೈಲ್ ಜೊತೆ ಆಶಾ ಕಾರ್ಯಕರ್ತೆಯ ಮೊಬೈಲೂ ಬೇಕು. ಚೊಚ್ಚಲ ಬಸುರಿಯಾದರೆ ತವರಿನ ನಂಬರೂ.

ಕಲ್ಚರಿನಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ (ಹೆರಿಗೆಯಲ್ಲಿ ಮಗುವಿಗೆ ತಗಲಬಲ್ಲ ಬ್ಯಾಕ್ಟೀರಿಯಾ) ಬೆಳೆದಿದ್ದರೆ, ಎಣಿಕೆ ಎಷ್ಟೇ ಕಡಿಮೆ ಇರಲಿ, ತಾಯಿ ಕಾರ್ಡಿನ ಮುಖಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಆಗ ಮಾತ್ರೆ ಕೊಟ್ಟು ಮೂತ್ರ ಶುದ್ಧವಾಗಿದ್ದರೂ ಹೆರಿಗೆ ನೋವು ಶುರುವಾದಾಗ ಪೆನಿಸಿಲಿನ್ ಇಂಜೆಕ್ಷನ್ ಬೇಕೇ ಬೇಕು. ರಾತ್ರಿ ಎರಡಕ್ಕೆ ಲೇಬರ್ ರೂಮಿನಲ್ಲಿರುವ ಸಿಸ್ಟರ್‌ಗೆ ಅದು ಗೊತ್ತಾಗುವುದು ಆ ಕೆಂಪು ಸಾಲಿನಿಂದ ಮಾತ್ರ.