ಹೆಜ್ಜೆ ಸದ್ದು ಯಾವ ಕಡೆಯಿಂದ ಬಂತು? ಗೇಮಿಂಗ್ ಹೆಡ್‌ಫೋನ್ ಆರಿಸುವ ಬಗೆ

ವ್ಯಾಲೊರಂಟ್ ಅನ್ನುವ ಶೂಟಿಂಗ್ ಆಟ ಆಡುವವರಿಗೆ ಇದು ಗೊತ್ತೇ ಇದೆ. ಎದುರಾಳಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಾನೆ. ಗೋಡೆಯಾಚೆ ಓಡಿದ ಸದ್ದು, ಗನ್ ರೀಲೋಡ್ ಮಾಡಿದ ಸದ್ದು, ಸ್ಪೈಕ್ ಅನ್ನುವ ಬಾಂಬ್ ನೆಡುವ ಸದ್ದು. ಎಡಕ್ಕಾ ಬಲಕ್ಕಾ, ಹತ್ತಿರವಾ ದೂರವಾ ಅಂತ ಅರೆಕ್ಷಣದಲ್ಲಿ ತಿಳಿದರೆ ಬಚಾವ್. ಇಲ್ಲದಿದ್ದರೆ ಆ ರೌಂಡ್ ಮುಗಿದಂತೆ. ಕೌಂಟರ್ ಸ್ಟ್ರೈಕ್ 2ರಲ್ಲೂ ಅಷ್ಟೇ. ಎರಡರಲ್ಲೂ ಶಿಫ್ಟ್ ಕೀ ಒತ್ತಿಕೊಂಡು ಮೆಲ್ಲಗೆ ನಡೆದರೆ ಹೆಜ್ಜೆ ಸದ್ದು ಎದುರಾಳಿಗೆ ಕೇಳುವುದಿಲ್ಲ, ಆದರೆ ವೇಗ ಬಿಟ್ಟುಕೊಡಬೇಕು. ಸದ್ದಿಗೆ ಈ ಆಟಗಳು ಇಟ್ಟಿರುವ ಬೆಲೆ ಅದು.

ಅಂಗಡಿಗೆ ಹೋದರೆ ಮಾತೇ ಬೇರೆ. ಬಣ್ಣದ ಲೈಟು, 7.1 ಸರೌಂಡ್, 50 ಎಂಎಂ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್), ಎಕ್ಸ್‌ಟ್ರಾ ಬೇಸ್. ಡಬ್ಬಿ ತುಂಬ ಇವೇ. ಸದ್ದಿನ ದಿಕ್ಕು ಸರಿಯಾಗಿ ಗೊತ್ತಾಗುತ್ತದೆಯೇ ಅನ್ನುವುದಕ್ಕೆ ಇವುಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ. ಹಾಗಾಗಿ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು ಮನೆಯಲ್ಲೇ ಒಂದಿಷ್ಟು ಕೆಲಸ ಮುಗಿಸಿಕೊಳ್ಳಿ.

1. ಕಂಪ್ಯೂಟರಿನ ಹಿಂದೆ ಇಣುಕಿ

ಡೆಸ್ಕ್‌ಟಾಪ್ ಆದರೆ ಹಿಂಬದಿಯಲ್ಲಿ ಸಣ್ಣ ದುಂಡು ತೂತುಗಳ ಸಾಲು ಇರುತ್ತದೆ. ಬಣ್ಣ ಹಾಕಿದ್ದರೆ ಹಸಿರು ಹೆಡ್‌ಫೋನಿಗೆ, ಗುಲಾಬಿ ಮೈಕಿಗೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ಸೇರಿ ಒಂದೇ ತೂತು.

ಈಗ ಹೆಡ್‌ಸೆಟ್‌ನ, ಅಂದರೆ ಮೈಕ್ ಇರುವ ಹೆಡ್‌ಫೋನಿನ, ಪಿನ್ ನೋಡಿ. ಅದರ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಮೈಕ್ ಮತ್ತು ಹೆಡ್‌ಫೋನ್ ಎರಡೂ ಅದೇ ಪಿನ್ನಿನಲ್ಲಿವೆ. ಎರಡೇ ಗೆರೆ ಇದ್ದರೆ ಆ ಪಿನ್ ಒಂದೇ ಕೆಲಸದ್ದು. ಮೂರು ಗೆರೆಯ ಪಿನ್ನನ್ನು ಡೆಸ್ಕ್‌ಟಾಪಿನ ಹಸಿರು ತೂತಿಗೆ ಚುಚ್ಚಿದರೆ ಆಟದ ಸದ್ದು ಚೆನ್ನಾಗಿ ಬರುತ್ತದೆ, ಮೈಕ್ ಮಾತ್ರ ಸತ್ತಂತೆ ಇರುತ್ತದೆ. ಮೈಕ್ ಹಾಳಾಗಿದೆ ಅಂತ ವಾಪಸ್ ಕೊಡಲು ಹೊರಡಬೇಡಿ. ಒಂದು ಪಿನ್ನನ್ನು ಎರಡು ಮಾಡುವ ವೈ ಆಕಾರದ ಕೇಬಲ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ 'ಹೆಡ್‌ಫೋನ್, ಮೈಕ್ ಬೇರೆ ಬೇರೆ ಮಾಡುವುದು ಕೊಡಿ' ಅಂತ ಬಿಡಿಸಿ ಹೇಳಿ. ಇಬ್ಬರು ಒಟ್ಟಿಗೆ ಹಾಡು ಕೇಳಲು ಬಳಸುವ ಕೇಬಲ್ಲೂ ನೋಡಲು ಹೀಗೇ ಇರುತ್ತದೆ, ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕ್ಯಾಬಿನೆಟ್ಟಿನ ಮುಂಭಾಗದ ಜಾಕ್ ಕೈಗೆ ಸುಲಭ. ಆದರೆ ಮದರ್‌ಬೋರ್ಡಿನಿಂದ ಅಲ್ಲಿಗೆ ಬರುವ ತೆಳು ವೈರು ಒಳಗಿನ ಗದ್ದಲವನ್ನೂ ಹೊತ್ತು ತರುವುದುಂಟು. ಆಟ ಶುರುವಾಗಿ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಜಾಸ್ತಿಯಾದಾಗ ಕಿವಿಯಲ್ಲಿ ಸಣ್ಣಗೆ 'ಝೀ' ಅಂದರೆ ಕಾರಣ ಅದೇ ಇರಬಹುದು. ಹಿಂದಿನ ಜಾಕ್‌ಗೆ ಚುಚ್ಚಿ ನೋಡಿ. ಅಲ್ಲೂ ಹಾಗೇ ಕೇಳಿದರೆ ಯುಎಸ್‌ಬಿ ಹೆಡ್‌ಸೆಟ್ ಒಳ್ಳೆಯದು. ಅದಕ್ಕೆ ತನ್ನದೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ, ಕಂಪ್ಯೂಟರಿನದನ್ನು ನೆಚ್ಚಿಕೊಳ್ಳುವುದಿಲ್ಲ.

ಓಮ್ ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಆ ಲೆಕ್ಕ ಒಂದು ಸಲ ನೋಡಿದರೆ ಸಾಕು. ಗೇಮಿಂಗ್ ಅಂತ ಮಾರುವವು ಸಾಮಾನ್ಯವಾಗಿ 16ರಿಂದ 64 ಓಮ್ ಒಳಗೆ ಇರುತ್ತವೆ, ಯಾವ ಕಂಪ್ಯೂಟರಿಗೂ ನಡೆಯುತ್ತದೆ. ಸ್ಟುಡಿಯೊ ಹೆಡ್‌ಫೋನ್ ಕಡೆ ಕಣ್ಣು ಹೋದರೆ ಎಚ್ಚರ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಹೆಸರುವಾಸಿ, ಆದರೆ ಅದರ 250 ಓಮ್ ಮಾದರಿಗೆ ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಸದ್ದು ಸಾಲದೆ ಬರಬಹುದು.

2. ವೈರ್ ಬೇಕಾ, ಬೇಡ್ವಾ?

ದುಡ್ಡು ಕಮ್ಮಿ ಇದ್ದರೆ ಯೋಚನೆಯೇ ಬೇಡ, ವೈರ್ ಇರುವುದನ್ನೇ ತಗೊಳ್ಳಿ. ಅದೇ ಬೆಲೆಯ ವೈರ್‌ಲೆಸ್‌ನಲ್ಲಿ ಬ್ಯಾಟರಿ, ರೇಡಿಯೊ ಎಲ್ಲದಕ್ಕೂ ನಿಮ್ಮ ದುಡ್ಡಿನ ಪಾಲು ಹೋಗಿರುತ್ತದೆ. ಕೇಳುವ ಭಾಗಕ್ಕೆ ಉಳಿಯುವುದು ಅಷ್ಟಕ್ಕಷ್ಟೇ.

ಮನೆಯಲ್ಲಿರುವ ಬ್ಲೂಟೂತ್ ಹೆಡ್‌ಫೋನಿನಲ್ಲೇ ಆಡಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಚೆಸ್, ಕ್ರಿಕೆಟ್ ಆಟಕ್ಕೆ ಪರವಾಗಿಲ್ಲ. ಶೂಟಿಂಗ್ ಆಟಕ್ಕೆ ಬೇಡ. ಅದಕ್ಕೆ ಎರಡು ತೊಂದರೆ. ಮೊದಲನೆಯದು ತಡ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು ಸುಮಾರು 100ರಿಂದ 250 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಸಿನಿಮಾ ನೋಡುವಾಗ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸಿಬಿಡುತ್ತದೆ, ನಮಗೆ ಗೊತ್ತಾಗುವುದಿಲ್ಲ. ಆಟದಲ್ಲಿ ಹಾಗೆ ಮಾಡಲು ಬರುವುದಿಲ್ಲ. ನೀವು ಗುಂಡು ಹಾರಿಸಿದ ಮೇಲೆ ಸದ್ದು ಬರುತ್ತದೆ. ಎರಡನೆಯದು ಮೈಕ್. ಆಡುತ್ತಾ ಗೆಳೆಯರ ಜೊತೆ ಮಾತಾಡುವ ಡಿಸ್ಕಾರ್ಡ್ ಆ್ಯಪಿನಲ್ಲಿ ಮೈಕ್ ಆನ್ ಮಾಡಿದ ಕೂಡಲೇ ಬ್ಲೂಟೂತ್ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಅಲ್ಲಿಯವರೆಗೆ ಚೆಂದ ಕೇಳುತ್ತಿದ್ದ ಆಟ ಹಳೇ ಲ್ಯಾಂಡ್‌ಲೈನಿನಲ್ಲಿ ಕೇಳಿದಂತೆ ಆಗುತ್ತದೆ. ಎಡ ಬಲ ಭೇದವೇ ಹೋಗಿಬಿಡುತ್ತದೆ! ಎಲ್‌ಇ ಆಡಿಯೊ ಅನ್ನುವ ಹೊಸ ಬ್ಲೂಟೂತಿನಲ್ಲಿ ಇದು ಸುಧಾರಿಸಿದೆ. ಆದರೆ ಕಂಪ್ಯೂಟರು, ಹೆಡ್‌ಫೋನು ಎರಡರಲ್ಲೂ ಅದು ಇರಬೇಕು.

ವೈರ್‌ಲೆಸ್ಸೇ ಬೇಕಂದರೆ 2.4 ಗಿಗಾಹರ್ಟ್ಸ್ ಅಂತ ಬರೆದಿರುವ, ಜೊತೆಗೆ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್) ಕೊಡುವ ಹೆಡ್‌ಸೆಟ್ ನೋಡಿ. ಅದರ ತಡ ತೀರಾ ಕಡಿಮೆ, ಆಡುವಾಗ ಅರಿವಿಗೇ ಬರುವುದಿಲ್ಲ. ಡಾಂಗಲ್ಲನ್ನು ಹಿಂದಿನ ಯುಎಸ್‌ಬಿ 3 ಪೋರ್ಟಿನಲ್ಲಿ, ಹಾರ್ಡ್ ಡಿಸ್ಕ್ ಪಕ್ಕ ಚುಚ್ಚಬೇಡಿ. ಯುಎಸ್‌ಬಿ 3 ಓಡಾಟದ ಗದ್ದಲ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆ ಬೀಳುತ್ತದೆ, ಸದ್ದು ತುಂಡು ತುಂಡಾಗಿ ಬರಬಹುದು. ಒಂದು ಸಣ್ಣ ಎಕ್ಸ್‌ಟೆನ್ಷನ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತಂದಿಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ.

3. ನೀವು ಆಡುವ ಕೋಣೆ ಯಾವುದು?

ಹೆಡ್‌ಫೋನಿನಲ್ಲಿ ಎರಡು ಜಾತಿ. ಕಿವಿಯ ಮೇಲೆ ಕೂರುವ ಬಟ್ಟಲಿನ ಹಿಂಭಾಗ ಮುಚ್ಚಿರುವುದು ಕ್ಲೋಸ್ಡ್ ಬ್ಯಾಕ್. ಅಲ್ಲಿ ಜಾಲರಿ ಇದ್ದು ಗಾಳಿ ಆಡುವುದು ಓಪನ್ ಬ್ಯಾಕ್. ಓಪನ್ ಬ್ಯಾಕ್ ಹಾಕಿಕೊಂಡರೆ ಸದ್ದು ತಲೆಯೊಳಗೆ ಕೂರದೆ ಸುತ್ತ ಹರಡಿದಂತೆ ಕೇಳುತ್ತದೆ, ಕಿವಿಯೂ ಬೆವರುವುದು ಕಮ್ಮಿ. ದಿಕ್ಕು ಹಿಡಿಯಲು ಇದೇ ಮೇಲು ಅಂತ ಹಲವರು ಹೇಳುತ್ತಾರೆ, ನನಗೂ ಅದು ನಿಜ ಅನ್ನಿಸುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಅದು ಎಷ್ಟು ಜನಕ್ಕೆ ಆಗುತ್ತದೆ? ತಲೆ ಮೇಲೆ ಫ್ಯಾನ್, ಪಕ್ಕದಲ್ಲಿ ಟಿವಿ, ಒಳಗೆ ಕುಕ್ಕರ್ ಸೀಟಿ. ಎಲ್ಲವೂ ಜಾಲರಿಯೊಳಗಿಂದ ಸೀದಾ ಬರುತ್ತವೆ. ನಿಮ್ಮ ಆಟದ ಗುಂಡಿನ ಸದ್ದು ಹೊರಗೂ ಹೋಗುತ್ತದೆ. ರಾತ್ರಿ ಅದೇ ಕೋಣೆಯಲ್ಲಿ ತಮ್ಮನೋ ಅಜ್ಜಿಯೋ ಮಲಗಿದ್ದರೆ ಜಗಳ ಗ್ಯಾರಂಟಿ. ಪ್ರತ್ಯೇಕ ಕೋಣೆ, ಮುಚ್ಚುವ ಬಾಗಿಲು ಇದ್ದವರು ಓಪನ್ ಬ್ಯಾಕ್ ಯೋಚಿಸಬಹುದು. ಮಿಕ್ಕವರಿಗೆ ಕ್ಲೋಸ್ಡ್ ಬ್ಯಾಕ್.

ನಾಯ್ಸ್ ಕ್ಯಾನ್ಸಲಿಂಗ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಒಂದೇ ಸಮನೆ ಬರುವ ಫ್ಯಾನಿನ ಗುಂಯ್ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ, ಮಾತು ಮತ್ತು ಸೀಟಿಯನ್ನು ಅಷ್ಟಾಗಿ ತಡೆಯುವುದಿಲ್ಲ.

4. ತಲೆ, ಕನ್ನಡಕ, ಬೆವರು

ತೂಕ ನೋಡಿ. 300 ಗ್ರಾಂ ದಾಟಿದರೆ ಎರಡು ಮೂರು ಗಂಟೆ ಆಡುವಾಗ ನೆತ್ತಿ ನೋಯಲು ಶುರುವಾಗಬಹುದು. ರೇಜರ್ ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್ 240 ಗ್ರಾಂ ಇದೆ. ಲಾಜಿಟೆಕ್ ಜಿ435 ವೈರ್‌ಲೆಸ್ ಆಗಿಯೂ 165 ಗ್ರಾಂ. ಇವನ್ನೇ ಕೊಳ್ಳಿ ಅಂತಲ್ಲ, ಹಗುರ ಅಂದರೆ ಎಷ್ಟು ಅಂತ ಅಂದಾಜಿಗೆ ಹೇಳಿದೆ.

ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಬೇಕು. ಹೆಡ್‌ಫೋನಿನ ಬಿಗಿ ಜಾಸ್ತಿಯಾದರೆ ಕನ್ನಡಕದ ಕಡ್ಡಿ ಕಿವಿಯ ಮೇಲ್ಭಾಗಕ್ಕೆ ಒತ್ತುತ್ತದೆ. ಐದು ನಿಮಿಷದಲ್ಲಿ ಇದು ಗೊತ್ತಾಗುವುದಿಲ್ಲ, ಅರ್ಧ ಗಂಟೆಯಾದ ಮೇಲೆ ಕಿತ್ತೆಸೆಯುವಂತೆ ಆಗುತ್ತದೆ. ಕುಶನ್ ಗಟ್ಟಿ ಇದ್ದರೆ ಕಡ್ಡಿಯ ಪಕ್ಕ ಸಂದು ಬಿಟ್ಟು ಬೇಸ್ ಸೋರುತ್ತದೆ. ಒತ್ತಿದರೆ ಮೆಲ್ಲಗೆ ತಗ್ಗಿ, ಬಿಟ್ಟರೆ ಮೆಲ್ಲಗೆ ಏಳುವ ಫೋಮ್ ಇರುವ ಕುಶನ್ ಇದಕ್ಕೆ ವಾಸಿ.

ಕುಶನ್ನಿನ ಹೊದಿಕೆಯಲ್ಲಿ ನಮ್ಮ ಹವೆಗೆ ಮುಖ್ಯವಾದ ಮಾತೊಂದಿದೆ. ರೆಕ್ಸಿನ್‌ನಂಥ ಹೊದಿಕೆ ಹೊರಗಿನ ಸದ್ದು ಚೆನ್ನಾಗಿ ತಡೆಯುತ್ತದೆ. ಆದರೆ ಬೆವರು, ಸೆಕೆಗೆ ಕಾಲ ಕಳೆದಂತೆ ಸುಲಿದು ಕಪ್ಪು ಚೂರುಗಳು ಕಿವಿ, ಕೂದಲಿಗೆ ಅಂಟುತ್ತವೆ. ಮಂಗಳೂರು, ಕಾರವಾರದ ಕಡೆಯವರು ಬಟ್ಟೆ ಅಥವಾ ವೆಲ್ವೆಟ್ ಥರದ ಹೊದಿಕೆ ನೋಡುವುದು ಒಳ್ಳೆಯದು. ಇನ್ನೂ ಮುಖ್ಯವಾದದ್ದು ಕುಶನ್ ಬಿಚ್ಚಿ ಬೇರೆ ಹಾಕಲು ಬರುತ್ತದೆಯೇ ಅನ್ನುವುದು. ಮಾದರಿಯ ಹೆಸರಿನ ಜೊತೆ 'ಇಯರ್ ಪ್ಯಾಡ್' ಅಂತ ಆನ್‌ಲೈನ್‌ನಲ್ಲಿ ಹುಡುಕಿ. ಸಿಕ್ಕರೆ ಆ ಹೆಡ್‌ಫೋನಿನ ಆಯುಸ್ಸು ಹೆಚ್ಚಿತು ಅಂತಲೇ ಲೆಕ್ಕ.

ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಕೊಳ್ಳುವುದಾದರೆ ಹೊಸ ಡಬ್ಬಿಯ ಸೀಲ್ ಒಡೆದು ತೋರಿಸಿ ಅಂದರೆ ಅಂಗಡಿಯವರು ಮುಖ ಸಿಂಡರಿಸುವುದು ಸಹಜ. ಡೆಮೊ ಪೀಸ್ ಇದೆಯಾ ಅಂತ ಕೇಳಿ. ಇದ್ದರೆ ತಲೆಗೆ ಹಾಕಿಕೊಂಡೇ ಬೇರೆ ಸಾಮಾನಿನ ರೇಟ್ ವಿಚಾರಿಸುತ್ತಾ ನಿಲ್ಲಿ.

5. ಈಗ ಡಬ್ಬಿ ಓದಿ

ಎಡಗಡೆ ಒಂದು ಸದ್ದಾದರೆ ಅದು ಬಲಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ತಡವಾಗಿ, ಸ್ವಲ್ಪ ಸಣ್ಣಗೆ ಮುಟ್ಟುತ್ತದೆ. ಮಿದುಳು ಅಷ್ಟರಲ್ಲೇ ಎಡ ಬಲ ಲೆಕ್ಕ ಹಾಕುತ್ತದೆ. ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ ಅನ್ನುವುದು ಹೊರಗಿವಿಯ ಮಡಿಕೆಗಳು ಸದ್ದನ್ನು ತಿದ್ದುವ ರೀತಿಯಿಂದ ಗೊತ್ತಾಗುತ್ತದೆ. ಈ ತಿದ್ದುವಿಕೆಯನ್ನು ಲೆಕ್ಕದಲ್ಲಿ ಹಿಡಿದು ಆಟದ ಸದ್ದಿಗೆ ಸೇರಿಸುವ ತಂತ್ರಕ್ಕೆ ಎಚ್‌ಆರ್‌ಟಿಎಫ್ ಅನ್ನುತ್ತಾರೆ. ಅದಕ್ಕೆ ಬೇಕಾದದ್ದು ಎರಡೇ ಸ್ಪೀಕರ್, ಎಡಕ್ಕೊಂದು ಬಲಕ್ಕೊಂದು. ಎರಡೂ ಒಂದೇ ಸಮ ಇರಬೇಕು, ಅಷ್ಟೇ.

ಡಬ್ಬಿಯ ಮೇಲಿನ 7.1 ಅಂದರೆ ಒಳಗೆ ಎಂಟು ಸ್ಪೀಕರ್ ಇವೆ ಅಂತಲ್ಲ. ಹೆಚ್ಚಿನವುಗಳಲ್ಲಿ ಇರುವುದು ಎರಡೇ, ಮಿಕ್ಕಿದ್ದು ಸಾಫ್ಟ್‌ವೇರ್ ಆಟ. ವ್ಯಾಲೊರಂಟಿನ ಆಡಿಯೊ ಸೆಟ್ಟಿಂಗಿನಲ್ಲಿ ಎಚ್‌ಆರ್‌ಟಿಎಫ್ ಆನ್ ಮಾಡುವ ಆಯ್ಕೆ ಇದೆ. ಕೌಂಟರ್ ಸ್ಟ್ರೈಕ್ 2ರ ಸದ್ದಿನಲ್ಲೂ ಅದು ಸೇರಿದೆ. ಯಾರು ಎಲ್ಲಿದ್ದಾರೆ ಅಂತ ಆಟಕ್ಕೇ ಚೆನ್ನಾಗಿ ಗೊತ್ತಿರುವುದರಿಂದ ಆ ಲೆಕ್ಕವೇ ನಿಖರ. ಅದರ ಮೇಲೆ ಹೆಡ್‌ಸೆಟ್‌ನ 7.1 ಕೂಡ ಆನ್ ಮಾಡಿದರೆ ಒಗ್ಗರಣೆ ಬಿದ್ದ ಸಾರಿಗೆ ಇನ್ನೊಮ್ಮೆ ಒಗ್ಗರಣೆ ಹಾಕಿದಂತೆ. ಸದ್ದು ಗುಹೆಯಲ್ಲಿ ಕೇಳಿದಂತಾಗಿ ದಿಕ್ಕು ತಪ್ಪುತ್ತದೆ. ಒಂದು ಮಾತ್ರ ಇರಲಿ. ಇಂಥ ವ್ಯವಸ್ಥೆ ಇಲ್ಲದ ಹಳೇ ಆಟಕ್ಕೆ ಬೇಕೆನಿಸಿದರೆ ವಿಂಡೋಸ್‌ನಲ್ಲೇ ವಿಂಡೋಸ್ ಸಾನಿಕ್ ಅನ್ನುವ ಸರೌಂಡ್ ಸೌಲಭ್ಯ ಬಿಟ್ಟಿ ಸಿಗುತ್ತದೆ. 7.1 ಹೆಸರಿಗೆ ಐನೂರು ರೂಪಾಯಿ ಜಾಸ್ತಿ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಬೇಸ್ ವಿಷಯಕ್ಕೂ ಒಂದು ಮಾತು. ಹೆಜ್ಜೆ ಸದ್ದಿನ ದಿಕ್ಕು ತಿಳಿಸುವ ಅಂಶ ಹೆಚ್ಚಾಗಿ ಮಧ್ಯಮ ಮತ್ತು ಅದರ ಮೇಲಿನ ಸ್ವರಗಳಲ್ಲಿ ಇರುತ್ತದೆ. ಧಡ್ ಧಡ್ ಬೇಸ್ ಜಾಸ್ತಿಯಾದರೆ ಅದು ಈ ಸಣ್ಣ ಸದ್ದನ್ನು ನುಂಗಿಬಿಡುತ್ತದೆ. ಬಾಂಬ್ ಸಿಡಿದಾಗ ಮಜಾ ಬರುತ್ತದೆ, ನಿಜ. ಅದರ ಮರೆಯಲ್ಲಿ ಬಂದವನು ಗೊತ್ತಾಗುವುದಿಲ್ಲ. 20ರಿಂದ 20,000 ಹರ್ಟ್ಸ್ ಅಂತ ಅಗ್ಗದ ಡಬ್ಬಿಯಲ್ಲೂ ಬರೆದಿರುತ್ತದೆ, ದುಬಾರಿಯದರಲ್ಲೂ ಬರೆದಿರುತ್ತದೆ. 40 ಎಂಎಂ, 50 ಎಂಎಂ ಕೂಡ ಹಾಗೇ. ಬಿಟ್ಟು ಮುಂದೆ ಹೋಗಿ.

6. ಮೈಕ್

ಬಾಯಿಯ ಹತ್ತಿರ ಬರುವ ಕಡ್ಡಿ ಮೈಕ್ ಇರಲಿ. ವೈರಿನ ಮಧ್ಯೆ ತೂಗುವ ಮೈಕ್ ಅಂಗಿಗೆ ಉಜ್ಜಿ ಕರಕರ ಅನ್ನುತ್ತದೆ. ಕಡ್ಡಿಯನ್ನು ತುಟಿಯ ಎದುರಿಗಲ್ಲ, ಬಾಯಿಯ ಮೂಲೆಗೆ ಎರಡು ಬೆರಳು ದೂರದಲ್ಲಿ ಇಡಿ. ಇಲ್ಲದಿದ್ದರೆ 'ಪ', 'ಫ' ಅಂದಾಗಲೆಲ್ಲ ಗೆಳೆಯರ ಕಿವಿಗೆ ಗಾಳಿ ಬಡಿಯುತ್ತದೆ. ಡಿಸ್ಕಾರ್ಡಿನಲ್ಲಿ ಕ್ರಿಸ್ಪ್ ಅನ್ನುವ ಸೌಲಭ್ಯ ಫ್ಯಾನ್, ಕೀಬೋರ್ಡ್ ಸದ್ದನ್ನು ಸೋಸುತ್ತದೆ, ಆನ್ ಮಾಡಿಕೊಳ್ಳಿ. ಮ್ಯೂಟ್ ಮಾಡುವ ಗುಂಡಿ ಹೆಡ್‌ಸೆಟ್‌ನಲ್ಲೇ ಇದ್ದರೆ ಅಮ್ಮ ಊಟಕ್ಕೆ ಕರೆದಾಗ ಇಡೀ ಟೀಮಿಗೆ ಕೇಳುವುದು ತಪ್ಪುತ್ತದೆ.

ಈಗಾಗಲೇ ಹಾಡು ಕೇಳಲು ಒಳ್ಳೆಯ ವೈರ್ ಹೆಡ್‌ಫೋನ್ ಇದ್ದವರು ಹೊಸದು ಕೊಳ್ಳಲೇಬೇಕೆಂದಿಲ್ಲ. ಒಂದು ಯುಎಸ್‌ಬಿ ಮೈಕ್ ತಂದರೆ ಸಾಕು.

7. ಮನೆಗೆ ತಂದ ದಿನವೇ

ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಪರೀಕ್ಷೆ ಆಗಬೇಕು. ಎಡ ಬಲ ಸರಿ ಇದೆಯೇ ಮೊದಲು ನೋಡಿ, ತಿರುವುಮುರುವು ಹಾಕಿಕೊಂಡು ವಾರಗಟ್ಟಲೆ ಆಡುವವರೂ ಇದ್ದಾರೆ. ಆಮೇಲೆ ಒಬ್ಬರ ಮಾತಿನ ರೆಕಾರ್ಡಿಂಗ್ ಹಾಕಿ. ದನಿ ಸರಿಯಾಗಿ ನಡುವಿನಿಂದ ಬರಬೇಕು. ಒಂದು ಕಡೆಗೆ ವಾಲಿದರೆ ಹೆಡ್‌ಫೋನ್ ತಿರುಗಿಸಿ ಹಾಕಿ ನೋಡಿ. ವಾಲಿದ ಕಡೆಯೂ ಬದಲಾದರೆ ಪೀಸ್ ಸರಿ ಇಲ್ಲ, ವಾಪಸ್ ಕೊಡಿ. ಕೊನೆಗೆ ಆಟದಲ್ಲಿ ಗೆಳೆಯನ ಜೊತೆ ಕಸ್ಟಮ್ ಮ್ಯಾಚ್ ತೆರೆದು, ಕಣ್ಣು ಮುಚ್ಚಿ, ಅವನನ್ನು ನಿಮ್ಮ ಸುತ್ತ ಓಡಿಸಿ. ದಿಕ್ಕು ಬೆರಳಲ್ಲಿ ತೋರಿಸುತ್ತಾ ಹೋಗಿ.

ವಿಂಡೋಸ್‌ನಲ್ಲಿ ಒಂದು ಕಿರಿಕಿರಿ ಇದೆ. ಕರೆ ಬಂದಿದೆ ಅಂದುಕೊಂಡು ಅದು ಬೇರೆ ಸದ್ದುಗಳನ್ನು ತಾನೇ 80% ಇಳಿಸಿಬಿಡುತ್ತದೆ. ಗೆಳೆಯರ ಜೊತೆ ಮಾತು ಶುರುವಾದ ಕೂಡಲೇ ಆಟದ ಸದ್ದು ಕುಸಿದರೆ ಹೆಡ್‌ಫೋನನ್ನು ಬೈಯಬೇಡಿ. ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು ಕಮ್ಯುನಿಕೇಷನ್ಸ್ ಟ್ಯಾಬಿನಲ್ಲಿ 'ಡು ನಥಿಂಗ್' ಆರಿಸಿ.

ವಾಲ್ಯೂಮ್ ಎಷ್ಟಿರಬೇಕು? ವಯಸ್ಕರಿಗೆ 80 ಡೆಸಿಬಲ್ ಸದ್ದಾದರೆ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್ಲಿನಲ್ಲಿ ಅಷ್ಟೇ ಹೊತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. 90 ಡೆಸಿಬಲ್ಲಿಗೆ ಏರಿದರೆ ವಯಸ್ಕರಿಗೂ ವಾರಕ್ಕೆ 4 ಗಂಟೆ ಮಾತ್ರ. ಹೆಜ್ಜೆ ಸದ್ದು ಕೇಳಲೆಂದು ಏರಿಸಿದ ವಾಲ್ಯೂಮಿನಲ್ಲೇ ಗುಂಡಿನ ಸದ್ದೂ ಬಡಿಯುವುದರಿಂದ ಗೇಮಿಂಗಿನಲ್ಲಿ ಈ ಮಿತಿ ದಾಟುವುದು ಸುಲಭ. ಆಟದ ಒಳಗಿನ ಹಿನ್ನೆಲೆ ಸಂಗೀತವನ್ನು ಸೊನ್ನೆ ಮಾಡಿ, ಫ್ಯಾನನ್ನು ಒಂದು ಪಾಯಿಂಟ್ ಇಳಿಸಿ. ಆಮೇಲೆ ವಾಲ್ಯೂಮನ್ನು ಕೆಳಗಿನಿಂದ ಮೇಲಕ್ಕೆ ತನ್ನಿ, ಹೆಜ್ಜೆ ಕೇಳತೊಡಗಿದ ಕೂಡಲೇ ಅಲ್ಲೇ ನಿಲ್ಲಿಸಿ.